ಬೈಬಲ್ ಪುರಾತತ್ವ: ಮೈಸೂರು, ಮಂಡ್ಯದಲ್ಲಿದ್ದುಕೊಂಡೇ ಶುರು ಮಾಡುವುದು ಹೇಗೆ?

ಲೆಂಟ್ ದಿನಗಳು ಹತ್ತಿರ ಬಂದಂತೆ ಚರ್ಚಿನ ವಾಟ್ಸಾಪ್ ಗ್ರೂಪುಗಳಲ್ಲಿ ಕೆಲವು ವಿಡಿಯೋಗಳು ಜೋರಾಗಿ ಓಡಾಡುತ್ತವೆ. ಟರ್ಕಿಯ ಬೆಟ್ಟದಲ್ಲಿ ನೋಹನ ನಾವೆ ಸಿಕ್ಕಿದೆಯಂತೆ. ಕೆಂಪು ಸಮುದ್ರದ ತಳದಲ್ಲಿ ಫರೋಹನ ರಥದ ಚಕ್ರಗಳಿವೆಯಂತೆ. ಅದೇ ಫೋನಿಗೆ ಬೇರೆ ಕಡೆಯಿಂದ ಇನ್ನೊಂದು ಬರುತ್ತದೆ: ದಾವೀದನೆಂಬ ರಾಜ ಇರಲೇ ಇಲ್ಲ, ಎಲ್ಲ ಕಟ್ಟುಕತೆ. ಹದಿಹರೆಯದ ಮಕ್ಕಳು ಎರಡನ್ನೂ ನೋಡಿರುತ್ತಾರೆ. ಸಂಡೇ ಸ್ಕೂಲಿನಲ್ಲಿ ನೇರವಾಗಿ ಕೇಳುತ್ತಾರೆ, ಇದರಲ್ಲಿ ಯಾವುದು ನಿಜ ಅಂತ.

ಒಳ್ಳೆಯ ಪ್ರಶ್ನೆ. ಉತ್ತರ ಹುಡುಕುವ ವಿದ್ಯೆಯೂ ಇದೆ. ಅದಕ್ಕೆ ಬೈಬಲ್ ಪುರಾತತ್ವ ಎನ್ನುತ್ತಾರೆ. ಅದರ ಮೂಲ ಪಾಠಗಳನ್ನು ಕಲಿಯಲು ಡಿಗ್ರಿ ಬೇಕಿಲ್ಲ, ಜೆರುಸಲೇಮಿಗೆ ಟಿಕೆಟ್ ಕೂಡ ಬೇಕಿಲ್ಲ. ಬೈಬಲ್ ಓದುವ ಅಭ್ಯಾಸ, ಒಂದು ನಕ್ಷೆ, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಮೈಸೂರು, ಮಂಡ್ಯದವರಿಗೆ ಇದರಲ್ಲಿ ಒಂದು ಅನುಕೂಲವೂ ಇದೆ. ಅದು ಏನೆಂದು ಮುಂದೆ ಹೇಳುತ್ತೇನೆ.

ಮೊದಲು, ಇದು ಏನು?

ಹಿಂದಿನವರು ಬಿಟ್ಟುಹೋದ ವಸ್ತುಗಳಿಂದ ಅವರ ಬದುಕನ್ನು ತಿಳಿಯುವುದು ಪುರಾತತ್ವ. ಮಡಕೆ ಚೂರು, ಗೋಡೆ, ಒಲೆಯ ಬೂದಿ, ಮೂಳೆ, ನಾಣ್ಯ, ಶಾಸನ ಎಲ್ಲವೂ ಇದರಲ್ಲಿ ಸೇರುತ್ತವೆ. ಬೈಬಲಿನಲ್ಲಿ ಬರುವ ನಾಡುಗಳಲ್ಲಿ, ಬೈಬಲಿನ ಕಾಲದ ವಸ್ತುಗಳ ಮೇಲೆ ಈ ಕೆಲಸ ನಡೆದರೆ ಅದು ಬೈಬಲ್ ಪುರಾತತ್ವ. ಇಸ್ರೇಲ್, ಪ್ಯಾಲೆಸ್ಟೈನ್, ಜೋರ್ಡಾನ್, ಲೆಬನಾನ್, ಸಿರಿಯಾ ಇದರ ನಡುಮನೆ. ಈಜಿಪ್ಟ್, ಇರಾಕ್, ಟರ್ಕಿ ಪಕ್ಕದ ಮನೆಗಳು. ಪೌಲನ ಪ್ರಯಾಣಗಳನ್ನು ಹಿಂಬಾಲಿಸಿದರೆ ಗ್ರೀಸ್, ರೋಮ್ ಕೂಡ ಸೇರುತ್ತವೆ.

1838ರಲ್ಲಿ ಎಡ್ವರ್ಡ್ ರಾಬಿನ್ಸನ್ ಎಂಬ ಅಮೆರಿಕದ ಬೈಬಲ್ ವಿದ್ವಾಂಸ ಪ್ಯಾಲೆಸ್ಟೈನಿನಲ್ಲಿ ಓಡಾಡಿ, ಅಲ್ಲಿನ ಹಳ್ಳಿಗಳ ಅರಬ್ಬಿ ಹೆಸರುಗಳ ಹಿಂದೆ ಬೈಬಲಿನ ಊರುಗಳ ಹೆಸರನ್ನು ಗುರುತಿಸಿದರು. ಕ್ರಮವಾಗಿ ಅಗೆದು ನೋಡುವ ಕೆಲಸ ಆಮೇಲೆ ಬಂತು. 1890ರಲ್ಲಿ ಫ್ಲಿಂಡರ್ಸ್ ಪೆಟ್ರಿ ಟೆಲ್ ಎಲ್-ಹೆಸಿ ಎಂಬ ದಿಬ್ಬದಲ್ಲಿ ಅಗೆದಾಗ ಪದರ ಬದಲಾದಂತೆ ಮಡಕೆಯ ಆಕಾರ, ಅಂಚು, ಬಣ್ಣವೂ ಬದಲಾಗುವುದನ್ನು ಕಂಡರು. ಅಲ್ಲಿಂದ ಮುಂದೆ ಮಡಕೆ ಚೂರೇ ಕಾಲ ಹೇಳುವ ಗಡಿಯಾರವಾಯಿತು. ಚಿನ್ನ ಸಿಕ್ಕಿದರೆ ಸುದ್ದಿಯಾಗುತ್ತದೆ ನಿಜ. ಆದರೆ ಅಗೆಯುವವರು ದಿನವೂ ಕಾಯುವುದು ಮಡಕೆಯ ಬಾಯಿಯ ಅಂಚಿನ ಚೂರಿಗಾಗಿ.

ಶುರುವಿನ ದಿನಗಳಲ್ಲಿ ಅನೇಕರು ಬೈಬಲನ್ನು ಸಾಬೀತು ಮಾಡಲೆಂದೇ ಹೋದರು. ಈಗ ಹೆಚ್ಚಿನವರ ಗುರಿ ಬೇರೆ. ಆ ಕಾಲದ ಜನ ಏನು ತಿಂದರು, ಹೇಗೆ ಕಟ್ಟಿದರು, ಯಾರಿಗೆ ಕಪ್ಪ ಕೊಟ್ಟರು, ಸತ್ತವರನ್ನು ಹೇಗೆ ಹೂಳಿದರು ಎಂದು ತಿಳಿಯುವುದು. ಅಗೆಯುವವರಲ್ಲಿ ಯೆಹೂದ್ಯರು, ಕ್ರೈಸ್ತರು, ಮುಸ್ಲಿಮರು, ಯಾವ ಧರ್ಮವನ್ನೂ ನಂಬದವರು ಎಲ್ಲರೂ ಇದ್ದಾರೆ. ಗುಂಡಿಯೊಳಗೆ ಇಳಿದ ಮೇಲೆ ಎಲ್ಲರಿಗೂ ನಿಯಮ ಒಂದೇ.

ದಿಬ್ಬ ಹೇಗೆ ಆಗುತ್ತದೆ, ಅದನ್ನು ಓದುವುದು ಹೇಗೆ?

ಬೈಬಲಿನ ಹಳೆಯ ಊರುಗಳು ಹೆಚ್ಚಾಗಿ ದಿಬ್ಬಗಳಾಗಿ ಉಳಿದಿವೆ. ಇವಕ್ಕೆ 'ಟೆಲ್' ಎನ್ನುತ್ತಾರೆ. ಊರು ಕಟ್ಟಲು ನೀರಿನ ಬುಗ್ಗೆ ಹತ್ತಿರವಿರಬೇಕು, ದಾರಿ ಇರಬೇಕು, ಶತ್ರು ದೂರದಿಂದಲೇ ಕಾಣಬೇಕು. ಅಂಥ ಜಾಗಗಳು ಕಡಿಮೆ. ಹಾಗಾಗಿ ಯುದ್ಧದಲ್ಲೋ ಭೂಕಂಪದಲ್ಲೋ ಊರು ಬಿದ್ದರೆ ಮುಂದಿನವರು ಅದೇ ಅವಶೇಷವನ್ನು ಮಟ್ಟ ಮಾಡಿ, ಅದರ ಮೇಲೇ ಕಟ್ಟುತ್ತಿದ್ದರು. ಮಣ್ಣಿನ ಇಟ್ಟಿಗೆಯ ಮನೆಗಳು ಕರಗಿ ಕರಗಿ ದಿಬ್ಬ ಏರುತ್ತ ಹೋಯಿತು. ಉತ್ತರ ಇಸ್ರೇಲಿನ ಮೆಗಿದ್ದೋ ದಿಬ್ಬದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪದರಗಳು ಒಂದರ ಮೇಲೊಂದು ಇವೆ.

ಇದನ್ನು ಅರ್ಥ ಮಾಡಿಕೊಳ್ಳಲು ಮೈಸೂರಿನ ಯಾವುದಾದರೂ ಹಳೆಯ ವಠಾರದ ಮನೆಯ ನೆಲ ನೆನಪಿಸಿಕೊಳ್ಳಿ. ತಾತನ ಕಾಲದ ಗಾರೆ ನೆಲ. ಅದರ ಮೇಲೆ ಕೆಂಪು ರೆಡ್ ಆಕ್ಸೈಡ್. ಅದರ ಮೇಲೆ ಮೊಸಾಯಿಕ್. ಈಗ ಮೇಲೆ ಟೈಲ್ಸ್. ನೆಲ ಒಡೆಸಿದಾಗ ಮೊಸಾಯಿಕ್ಕಿಗೂ ರೆಡ್ ಆಕ್ಸೈಡಿಗೂ ನಡುವಿನ ಗಾರೆಯಲ್ಲಿ 1957ರ ಒಂದು ನಯಾ ಪೈಸೆ ಸಿಕ್ಕಿತು ಎಂದುಕೊಳ್ಳಿ. ಆಗ ಏನು ಗೊತ್ತಾಗುತ್ತದೆ? ಮೊಸಾಯಿಕ್ ಹಾಕಿದ್ದು 1957ಕ್ಕಿಂತ ಮುಂಚೆ ಅಲ್ಲ. ಆಮೇಲೆ ಯಾವಾಗ ಬೇಕಾದರೂ ಇರಬಹುದು, ಮುಂಚೆ ಮಾತ್ರ ಸಾಧ್ಯವಿಲ್ಲ. ಇನ್ನೊಂದು ವಿಷಯ. ನಲ್ಲಿ ಪೈಪ್ ಹಾಕಲು ಪ್ಲಂಬರ್ ಎಲ್ಲ ನೆಲವನ್ನೂ ಕತ್ತರಿಸಿ ಗುಂಡಿ ತೋಡಿದ್ದರೆ, ಮೊನ್ನೆಯ ನಾಣ್ಯವೂ ಗಾರೆ ನೆಲದ ಕೆಳಗೆ ಸಿಗಬಹುದು. ಆ ಗುಂಡಿಯ ಅಂಚನ್ನು ಗಮನಿಸದವನು ತಾತ ಗಾರೆ ಹಾಕಿಸಿದ್ದೇ ಮೊನ್ನೆ ಎಂದು ಬರೆದುಬಿಡುತ್ತಾನೆ.

ದಿಬ್ಬದಲ್ಲಿಯೂ ಇಷ್ಟೇ ಲೆಕ್ಕ. ವಸ್ತು ಯಾವ ನೆಲದ ಮೇಲಿತ್ತು, ಯಾವ ನೆಲದ ಕೆಳಗಿತ್ತು, ನಡುವೆ ಯಾರಾದರೂ ಗುಂಡಿ ತೋಡಿದ್ದರಾ? ಇದು ತಿಳಿದರೆ ಆ ವಸ್ತು ಮಾತಾಡುತ್ತದೆ. ತಿಳಿಯದಿದ್ದರೆ ಎಷ್ಟೇ ಚೆನ್ನಾಗಿದ್ದರೂ ಮೂಕ. ಈ ವಿದ್ಯೆಯ ಜೀವ ಇರುವುದು ಇಲ್ಲೇ ಎಂದು ನನ್ನ ನಂಬಿಕೆ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮಡಕೆಯ ಜೊತೆಗೆ ಈಗ ಇಂಗಾಲದ ಕಾಲಗಣನೆಯೂ ಇದೆ. ಗಿಡ, ಪ್ರಾಣಿ ಬದುಕಿರುವಾಗ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲವನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಸತ್ತ ಮೇಲೆ ಅದು ನಿಧಾನವಾಗಿ ಕರಗುತ್ತದೆ. ಸುಮಾರು 5,730 ವರ್ಷಕ್ಕೆ ಅರ್ಧ ಆಗುತ್ತದೆ. ಉಳಿದಿರುವುದನ್ನು ಅಳೆದರೆ ಕಾಲ ಸಿಗುತ್ತದೆ. ಒಂದೇ ಇಸವಿಯಾಗಿ ಅಲ್ಲ, ಇಷ್ಟರಿಂದ ಇಷ್ಟರೊಳಗೆ ಎಂದು. ಸುಟ್ಟ ಕಾಳು, ಆಲಿವ್ ಬೀಜ ಇದಕ್ಕೆ ಬಹಳ ಒಳ್ಳೆಯದು. ಅವು ಒಂದೇ ವರ್ಷದ ಬೆಳೆ. ಮರದ ತೊಲೆಯಾದರೆ ಕಟ್ಟಡಕ್ಕಿಂತ ನೂರು ವರ್ಷ ಹಳೆಯದಿರಬಹುದು.

ಪದರ ಓದುವ ಈ ಶಿಸ್ತಿಗೂ ನಮ್ಮ ನಾಡಿಗೂ ಒಂದು ನಂಟಿದೆ. ಮಾರ್ಟಿಮರ್ ವೀಲರ್ 1944ರಿಂದ 1948ರವರೆಗೆ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದರು. 1947ರಲ್ಲಿ ಅಂದಿನ ಮೈಸೂರು ಸಂಸ್ಥಾನದ, ಈಗಿನ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆತ ನಡೆಸಿದರು. ನೆಲವನ್ನು ಚೌಕಗಳಾಗಿ ಹಂಚಿ, ನಡುವೆ ಮಣ್ಣಿನ ಗೋಡೆ ಬಿಟ್ಟು, ಆ ಗೋಡೆಯ ಮುಖದಲ್ಲಿ ಪದರಗಳನ್ನು ಓದುವುದು ಅವರ ರೀತಿ. ಅದನ್ನು ಇಂಗ್ಲೆಂಡಿನಲ್ಲಿ ಅವರ ಜೊತೆ ದುಡಿದು ಕಲಿತವರು ಕ್ಯಾಥ್ಲೀನ್ ಕೆನ್ಯನ್. ಆಕೆ 1952ರಿಂದ 1958ರವರೆಗೆ ಯೆರಿಕೋವನ್ನು ಅಗೆದದ್ದೂ ಇದೇ ರೀತಿಯಲ್ಲಿ. ಚಿತ್ರದುರ್ಗದ ಮಣ್ಣನ್ನು ಓದಿದ ಕ್ರಮವೇ ಯೆರಿಕೋದ ಮಣ್ಣನ್ನೂ ಓದಿತು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಯೇಸು ಹುಟ್ಟಿದಾಗ ಆಳುತ್ತಿದ್ದ ಔಗುಸ್ತ, ಲೂಕ 3ರಲ್ಲಿ ಬರುವ ತಿಬೇರಿಯ, ಈ ಇಬ್ಬರು ಕೈಸರರ ನಾಣ್ಯಗಳಂತೂ ದಕ್ಷಿಣ ಭಾರತದಲ್ಲಿ ಧಾರಾಳವಾಗಿ ಸಿಕ್ಕಿವೆ. ಆ ಲೋಕ ನಮಗೆ ಅಷ್ಟು ದೂರದ್ದಲ್ಲ.

ಶುರು ಮಾಡುವುದು ಯಾವ ಕಾಲದಿಂದ?

ಹೊಸಬರು ಹೆಚ್ಚಾಗಿ ನೋಹನ ನಾವೆಯಿಂದಲೋ ಕೆಂಪು ಸಮುದ್ರದಿಂದಲೋ ಶುರು ಮಾಡುತ್ತಾರೆ. ಅದು ಬೇಡ ಎಂಬುದು ನನ್ನ ಸಲಹೆ. ಅಲ್ಲಿ ಹಿಡಿದು ನೋಡಲು ಏನೂ ಇಲ್ಲ. ಟರ್ಕಿಯ ದೋಣಿಯಾಕಾರದ ದಿಬ್ಬ ತಾನಾಗಿ ಆದ ಭೂರಚನೆ ಎಂಬುದು ಭೂವಿಜ್ಞಾನಿಗಳ ಮಾತು. ರಥದ ಚಕ್ರಗಳ ಬಗ್ಗೆ ಪರಿಶೀಲಿಸಬಹುದಾದ ಯಾವ ಅಗೆತದ ವರದಿಯೂ ಇಲ್ಲ. ಸಾಕ್ಷಿಗಳು ಜಾಸ್ತಿ ಇರುವ ಕಡೆ ಶುರು ಮಾಡಿ. ಕ್ರಿ.ಪೂ. 701 ಅಂಥ ವರ್ಷ.

ಆಗ ಯೆಹೂದದ ಅರಸ ಹಿಜ್ಕೀಯ. ಅಶ್ಶೂರದ ಚಕ್ರವರ್ತಿಗೆ ಕಪ್ಪ ಕೊಡುವುದನ್ನು ನಿಲ್ಲಿಸಿದ. ಚಕ್ರವರ್ತಿ ಸನ್ಹೇರೀಬ ದಂಡೆತ್ತಿ ಬಂದ. 2 ಅರಸುಗಳು 18ರಿಂದ 20, ಯೆಶಾಯ 36ರಿಂದ 39, 2 ಪೂರ್ವಕಾಲವೃತ್ತಾಂತ 32 ಇದನ್ನು ಹೇಳುತ್ತವೆ. ಇದು ಒಂದು ಕಡೆಯ ಮಾತು.

ಎದುರಾಳಿಯ ಮಾತೂ ನಮ್ಮ ಕೈಯಲ್ಲಿದೆ. ಸನ್ಹೇರೀಬ ತನ್ನ ದಂಡಯಾತ್ರೆಗಳನ್ನು ಆರು ಮುಖದ ಜೇಡಿಮಣ್ಣಿನ ಕಂಬದ ಮೇಲೆ ಸಣ್ಣ ಅಕ್ಷರದಲ್ಲಿ ಬರೆಸಿದ. ಅದರ ಒಂದು ಪ್ರತಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಯೆಹೂದದ 46 ಕೋಟೆ ಊರುಗಳನ್ನು ಹಿಡಿದೆ, ಹಿಜ್ಕೀಯನನ್ನು ಜೆರುಸಲೇಮಿನಲ್ಲಿ ಪಂಜರದ ಹಕ್ಕಿಯ ಹಾಗೆ ಕೂಡಿಹಾಕಿದೆ ಎನ್ನುತ್ತಾನೆ. ಹಿಜ್ಕೀಯ ತೆತ್ತ ದಂಡವನ್ನೂ ಲೆಕ್ಕ ಹಾಕಿದ್ದಾನೆ: 30 ತಲಾಂತು ಬಂಗಾರ, 800 ತಲಾಂತು ಬೆಳ್ಳಿ. ಈಗ ಬೈಬಲ್ ತೆರೆದು 2 ಅರಸುಗಳು 18:14 ನೋಡಿ. 30 ತಲಾಂತು ಬಂಗಾರ, 300 ತಲಾಂತು ಬೆಳ್ಳಿ. ಬಂಗಾರ ಸರಿಯಾಗಿ ಕೂಡುತ್ತದೆ, ಬೆಳ್ಳಿ ಕೂಡುವುದಿಲ್ಲ. ಗೆದ್ದವನು ಲೆಕ್ಕ ಏರಿಸಿದನೋ, ತೂಕದ ಅಳತೆ ಬೇರೆಯಿತ್ತೋ, ಬೇರೆ ಕೊಳ್ಳೆಯನ್ನೂ ಸೇರಿಸಿದನೋ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಎರಡು ವೈರಿ ಪಕ್ಷಗಳ ದಾಖಲೆಗಳು ಬಂಗಾರದ ಲೆಕ್ಕವನ್ನು ಒಂದೇ ಎನ್ನುವುದು ಮಾತ್ರ ಸಣ್ಣ ಮಾತಲ್ಲ.

ಮೂರನೆಯದು ಚಿತ್ರ. ಲಾಕೀಷ್ ಎಂಬ ಕೋಟೆಯೂರನ್ನು ಹಿಡಿದದ್ದನ್ನು ಸನ್ಹೇರೀಬ ನಿನೆವೆಯ ತನ್ನ ಅರಮನೆಯ ಗೋಡೆಗಳ ಮೇಲೆ ಕೆತ್ತಿಸಿದ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಆಸ್ಟಿನ್ ಹೆನ್ರಿ ಲೇಯಾರ್ಡ್ ಅದನ್ನು ಹೊರತೆಗೆದರು. ಕೋಟೆಗೆ ಒರಗಿಸಿ ಕಟ್ಟಿದ ಮಣ್ಣುಕಲ್ಲಿನ ಏರಿ, ಅದರ ಮೇಲೆ ಗೋಡೆ ಗುದ್ದುವ ಯಂತ್ರಗಳು, ಬಿಲ್ಲುಗಾರರು, ಕವಣೆ ಬೀಸುವವರು, ಎತ್ತಿನ ಗಾಡಿಯಲ್ಲಿ ಗಂಟುಮೂಟೆ ಹೇರಿಕೊಂಡು ಸೆರೆ ಹೋಗುವ ಸಂಸಾರಗಳು, ಸಿಂಹಾಸನದಲ್ಲಿ ಕೂತು ನೋಡುವ ಚಕ್ರವರ್ತಿ. ಗಾಡಿಯ ಮೇಲೆ ಕೂತ ಹೆಂಗಸರು, ಮಕ್ಕಳನ್ನು ನೋಡಿದ ಮೇಲೆ ಅರಸುಗಳ ಪುಸ್ತಕ ಸುಮ್ನೆ ಹೆಸರುಗಳ ಪಟ್ಟಿಯಾಗಿ ಉಳಿಯುವುದಿಲ್ಲ.

ನಾಲ್ಕನೆಯದು ನೆಲ. ಲಾಕೀಷಿನ ದಿಬ್ಬದ ನೈಋತ್ಯ ಮೂಲೆಯಲ್ಲಿ ಆ ಏರಿ ಇವತ್ತಿಗೂ ಇದೆ. ಅಲ್ಲಿ ಅಗೆದಾಗ ಬಾಣದ ಮೊನೆಗಳು, ಕವಣೆ ಕಲ್ಲುಗಳು, ಸುಟ್ಟ ಪದರ ಸಿಕ್ಕಿವೆ.

ಐದನೆಯದು ಜೆರುಸಲೇಮಿನಲ್ಲೇ ಇದೆ. ಊರಿಗೆ ನೀರು ಕೊಡುತ್ತಿದ್ದ ಗೀಹೋನ್ ಬುಗ್ಗೆಯಿಂದ ಸಿಲೋವ ಕೊಳದವರೆಗೆ ಬಂಡೆ ಕೊರೆದ ಸುಮಾರು 533 ಮೀಟರ್ ಸುರಂಗ. ಹಿಜ್ಕೀಯನು ಕೊಳವನ್ನೂ ಕಾಲುವೆಯನ್ನೂ ಮಾಡಿಸಿ ನೀರನ್ನು ಪಟ್ಟಣದೊಳಕ್ಕೆ ತಂದನೆಂದು 2 ಅರಸುಗಳು 20:20 ಹೇಳುತ್ತದೆ. 1880ರಲ್ಲಿ ಆ ಸುರಂಗದೊಳಗೆ ಆಡುತ್ತಿದ್ದ ಹುಡುಗರ ಕಣ್ಣಿಗೆ ಗೋಡೆಯ ಮೇಲಿನ ಅಕ್ಷರಗಳು ಬಿದ್ದವು. ಅದು ಹಳೆಯ ಹೀಬ್ರೂ ಶಾಸನ. ಎರಡು ತುದಿಯಿಂದ ಎರಡು ತಂಡ ಕೊರೆಯುತ್ತ ಬಂದವು, ಮೂರು ಮೊಳ ಉಳಿದಾಗ ಒಬ್ಬರು ಕೂಗಿದ್ದು ಇನ್ನೊಬ್ಬರಿಗೆ ಕೇಳಿತು, ಗುದ್ದಲಿಗೆ ಗುದ್ದಲಿ ತಾಗಿತು, 1,200 ಮೊಳ ದೂರ ನೀರು ಹರಿಯಿತು ಎಂದು ಅದರಲ್ಲಿದೆ. ರಾಜನ ಹೆಸರಿಲ್ಲ. ಕಲ್ಲು ಕುಟ್ಟಿದವರ ಸಂಭ್ರಮ ಇದೆ. ಕಲ್ಲು ಈಗ ಇಸ್ತಾಂಬುಲ್ ಮ್ಯೂಸಿಯಮ್ಮಿನಲ್ಲಿದೆ. 2003ರಲ್ಲಿ ಸುರಂಗದ ಗಾರೆಯಲ್ಲಿದ್ದ ಗಿಡದ ಚೂರುಗಳ ಇಂಗಾಲ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಅದೂ ಸುಮಾರು ಕ್ರಿ.ಪೂ. 700ಕ್ಕೆ ಹೊಂದಿತು.

ಹಾಗಾದರೆ ಎಲ್ಲವೂ ಸಾಬೀತಾಯಿತು ಅಂತಲಾ? ಇಲ್ಲಿ ನಿಧಾನಿಸಬೇಕು. ಯೆಹೋವನ ದೂತನು ಒಂದೇ ರಾತ್ರಿಯಲ್ಲಿ ಅಶ್ಶೂರದ 1,85,000 ಮಂದಿಯನ್ನು ಸಂಹರಿಸಿದನೆಂದು 2 ಅರಸುಗಳು 19:35ರಲ್ಲಿದೆ. ಮಣ್ಣು ಇದಕ್ಕೆ ಹೌದು ಎಂದೂ ಹೇಳದು, ಅಲ್ಲ ಎಂದೂ ಹೇಳದು. ಸನ್ಹೇರೀಬ ಎಷ್ಟು ಜಂಬ ಕೊಚ್ಚಿದರೂ ಜೆರುಸಲೇಮನ್ನು ಹಿಡಿದೆ ಎಂದು ಎಲ್ಲೂ ಬರೆಸಿಲ್ಲ. ಅಷ್ಟನ್ನು ದಾಖಲೆಯಿಂದ ಹೇಳಬಹುದು. ಯಾಕೆ ಹಿಡಿಯಲಿಲ್ಲ ಎಂಬುದಕ್ಕೆ ವಿಶ್ವಾಸಿ ಕೊಡುವ ಉತ್ತರ ಪುರಾತತ್ವದ ಗುದ್ದಲಿಗೆ ಸಿಗುವಂಥದ್ದಲ್ಲ. ಈ ಗೆರೆ ಎಲ್ಲಿದೆ ಎಂದು ಶುರುವಿನಲ್ಲೇ ತಿಳಿದರೆ ಮುಂದೆ ಗೊಂದಲ ಕಡಿಮೆ.

ಕಲ್ಲಿನ ಅಕ್ಷರ ಮತ್ತು ಮೈಸೂರಿನ ಅನುಕೂಲ

ಭಾರತದ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಇರುವುದು ಮೈಸೂರಿನಲ್ಲಿ. ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿಯೂ ಇಲ್ಲೇ. ಮೈಸೂರು ಸಂಸ್ಥಾನ 1885ರಲ್ಲೇ ಪುರಾತತ್ವ ಇಲಾಖೆ ತೆರೆದಿತ್ತು. ಬಿ.ಎಲ್. ರೈಸ್ ಊರೂರು ತಿರುಗಿ ಸೇರಿಸಿದ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಾಗಿ ಬಂದವು. ಮಾನಸಗಂಗೋತ್ರಿಯಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗವಿದೆ. ನಾನು ಮೊದಲೇ ಹೇಳಿದ ಅನುಕೂಲ ಇದು. ಶಾಸನ ಓದುವ ವಿದ್ಯೆ ಈ ಊರಿನಲ್ಲಿ ಬದುಕಿದೆ.

ಇದು ಬೈಬಲಿಗೆ ಹೇಗೆ ಸಂಬಂಧ? ಶಾಸನದ ಪಡಿಯಚ್ಚು ತೆಗೆಯುವುದನ್ನು ನೋಡಿದ್ದೀರಾ? ಕಲ್ಲನ್ನು ಉಜ್ಜಿ ತೊಳೆಯುತ್ತಾರೆ. ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸುತ್ತಾರೆ. ಗಟ್ಟಿ ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ಗುಂಡಿಯೊಳಕ್ಕೆ ಕಾಗದ ಇಳಿಸುತ್ತಾರೆ. ಆಮೇಲೆ ಮಸಿ ಒತ್ತಿದರೆ ಉಬ್ಬಿದ ಕಡೆ ಕಪ್ಪಾಗಿ, ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ಕಲ್ಲು ಹಾಳಾದರೂ ಕಾಗದದಲ್ಲಿ ಅಕ್ಷರ ಉಳಿಯುತ್ತದೆ.

1868ರಲ್ಲಿ ಈಗಿನ ಜೋರ್ಡಾನಿನ ದೀಬಾನಿನಲ್ಲಿ ಫ್ರೆಡರಿಕ್ ಕ್ಲೈನ್ ಎಂಬ ಮಿಷನರಿಗೆ ಅಲ್ಲಿನ ಬುಡಕಟ್ಟಿನವರು ಒಂದು ಕಪ್ಪು ಕಲ್ಲು ತೋರಿಸಿದರು. ಮೋವಾಬಿನ ಅರಸ ಮೇಷನ ಶಾಸನ ಅದು. 2 ಅರಸುಗಳು 3ರಲ್ಲಿ ಬರುವ ಅದೇ ಮೇಷ. ಕಲ್ಲಿಗಾಗಿ ಯೂರೋಪಿನವರ ನಡುವೆ ಪೈಪೋಟಿ ಶುರುವಾಯಿತು. ಜೆರುಸಲೇಮಿನಲ್ಲಿದ್ದ ಫ್ರೆಂಚ್ ವಿದ್ವಾಂಸ ಕ್ಲೆರ್ಮೋ-ಗಾನೋ ಕಾಗದದ ಅಚ್ಚು ತೆಗೆಯಲು ಜನ ಕಳಿಸಿದರು. ಕಾಗದ ಒಣಗುವ ಮೊದಲೇ ಅಲ್ಲಿ ಜಗಳ ಹತ್ತಿತು. ಒದ್ದೆ ಕಾಗದವನ್ನು ಹರಿದ ಚೂರುಗಳಲ್ಲೇ ಕಿತ್ತುಕೊಂಡು ಕುದುರೆ ಏರಿ ಬಂದರು. ಸ್ವಲ್ಪ ಕಾಲದಲ್ಲೇ ಬುಡಕಟ್ಟಿನವರು ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ, ತಣ್ಣೀರು ಸುರಿದು ಒಡೆದುಬಿಟ್ಟರು. ಆಮೇಲೆ ಕಲ್ಲಿನ ಚೂರುಗಳನ್ನು ಒಟ್ಟುಗೂಡಿಸಿದಾಗ ಸಿಗದೇ ಹೋದ ಭಾಗ ತುಂಬಿಕೊಟ್ಟದ್ದು ಆ ಹರಿದ ಕಾಗದ. ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಇಸ್ರಾಯೇಲಿನ ಅರಸ ಒಮ್ರಿಯ ಹೆಸರು, ಯೆಹೋವನ ಹೆಸರು ಎರಡೂ ಅದರಲ್ಲಿವೆ. ಬರೆಸಿದವನು ಇಸ್ರಾಯೇಲಿನ ಶತ್ರು, ಗೆಲುವಿನ ಕೀರ್ತಿ ಕೊಟ್ಟದ್ದು ತನ್ನ ದೇವರು ಕೆಮೋಷನಿಗೆ.

ದಾವೀದ ಇರಲಿಲ್ಲ ಎನ್ನುವ ವಿಡಿಯೋಗೂ ಒಂದು ಕಲ್ಲು ಉತ್ತರ ಕೊಡುತ್ತದೆ. 1993ರಲ್ಲಿ ಉತ್ತರ ಇಸ್ರೇಲಿನ ಟೆಲ್ ದಾನ್‌ನಲ್ಲಿ ಅವ್ರಹಾಮ್ ಬಿರಾನ್ ತಂಡಕ್ಕೆ ಒಂದು ಗೋಡೆಯಲ್ಲಿ ಮರುಬಳಕೆಯಾಗಿದ್ದ ಶಾಸನದ ತುಂಡು ಸಿಕ್ಕಿತು. ಮರುವರ್ಷ ಇನ್ನೆರಡು ತುಂಡು ಸಿಕ್ಕವು. ಕ್ರಿ.ಪೂ. 9ನೇ ಶತಮಾನದ ಅರಾಮ್ಯ ಅರಸನೊಬ್ಬ ತಾನು ಗೆದ್ದವರ ಸಾಲಿನಲ್ಲಿ 'ದಾವೀದನ ಮನೆತನ' ಎಂದು ಬರೆಸಿದ್ದಾನೆ. ದಾವೀದನ ಕಾಲದಿಂದ ನೂರು ವರ್ಷ ಚಿಲ್ಲರೆ ಆಚೆಗೆ ಶತ್ರುಗಳು ಯೆಹೂದದ ರಾಜಮನೆತನವನ್ನು ಅವನ ಹೆಸರಿನಿಂದಲೇ ಕರೆಯುತ್ತಿದ್ದರು. ಗೊಲ್ಯಾತನ ಬಗ್ಗೆ, ಕೀರ್ತನೆಗಳ ಬಗ್ಗೆ ಈ ಕಲ್ಲು ಏನೂ ಹೇಳುವುದಿಲ್ಲ. ಅವನ ರಾಜ್ಯ ಎಷ್ಟು ದೊಡ್ಡದಿತ್ತು ಎಂಬ ವಾದ ಇನ್ನೂ ನಡೆದೇ ಇದೆ.

ರಾಜಶಾಸನವನ್ನು ಹೀಗೆ ಹುಷಾರಾಗಿ ಓದುವುದು ಮಂಡ್ಯದವರಿಗೆ ಹೊಸದಾಗಬೇಕಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಅಂದರೆ ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಾಡಿ ಸತ್ತ ಕಥೆ ಎಲ್ಲರಿಗೂ ನೆನಪಾಗುತ್ತದೆ. ಅದೇ ಕಲ್ಲಿನಲ್ಲಿ ತಕ್ಕೋಲದ ಯುದ್ಧವೂ ಇದೆ. ಚೋಳ ರಾಜಾದಿತ್ಯನನ್ನು ಗಂಗರ ಬೂತುಗ ಕೊಂದದ್ದು ಅಲ್ಲಿ ದಾಖಲಾಗಿದೆ. ಅದೇ ಸಾವನ್ನು ಚೋಳರ ತಾಮ್ರಪಟ ವೀರಸ್ವರ್ಗ ಎಂಬ ಧಾಟಿಯಲ್ಲಿ ಹೇಳುತ್ತದೆ. ಎರಡನ್ನೂ ಇಟ್ಟುಕೊಂಡು ಓದುವವರಿಗೆ ಸನ್ಹೇರೀಬ, ಹಿಜ್ಕೀಯರ ದಾಖಲೆ ಓದುವುದು ಕಷ್ಟವಲ್ಲ.

ಸಿಕ್ಕಿದ್ದು ಎಲ್ಲಿ ಎಂದು ಮೊದಲು ಕೇಳಿ

1979ರಲ್ಲಿ ಜೆರುಸಲೇಮಿನ ಹಳೆಯ ಪಟ್ಟಣದ ಹೊರಗೆ ಕೆಟೆಫ್ ಹಿನ್ನೋಮ್ ಎಂಬಲ್ಲಿ ಗಾಬ್ರಿಯೆಲ್ ಬಾರ್ಕಾಯ್ ಸಮಾಧಿ ಗುಹೆಗಳನ್ನು ಅಗೆಯುತ್ತಿದ್ದರು. ಒಂದು ಗುಹೆಯಲ್ಲಿ ಎರಡು ಸಣ್ಣ ಬೆಳ್ಳಿ ಸುರುಳಿಗಳು ಸಿಕ್ಕವು, ತಾಯತದೊಳಗೆ ಸುತ್ತಿಡುವ ತಗಡಿನಷ್ಟು ಚಿಕ್ಕವು. ಬೆಳ್ಳಿ ಹಳತಾಗಿ ಬಿರುಸಾಗಿತ್ತು, ಮುಟ್ಟಿದರೆ ಒಡೆಯುವ ಹಾಗೆ. ಬಿಚ್ಚಲು ವರ್ಷಗಳೇ ಹಿಡಿದವು. ಬಿಚ್ಚಿದ ಮೇಲೆ ದೊಡ್ಡದು ಸುಮಾರು 10 ಸೆಂಟಿಮೀಟರ್ ಉದ್ದ, ಚಿಕ್ಕದು ಸುಮಾರು 4. ಅದರ ಮೇಲೆ ಸೂಜಿಯಲ್ಲಿ ಗೀಚಿದಂಥ ಅಕ್ಷರಗಳು. ಓದಿದಾಗ ಅರಣ್ಯಕಾಂಡ 6ರ ಆಶೀರ್ವಾದದ ಮಾತುಗಳು ಹೊರಬಂದವು. ಭಾನುವಾರ ಆರಾಧನೆ ಮುಗಿಸುವಾಗ ನಮ್ಮ ಅಯ್ಯನವರು ಕೈ ಎತ್ತಿ ಹೇಳುವ ಅದೇ ಆಶೀರ್ವಾದ. ಕಾಲ ಸುಮಾರು ಕ್ರಿ.ಪೂ. 600. ಬೈಬಲಿನ ಮಾತುಗಳಿರುವ ಇದಕ್ಕಿಂತ ಹಳೆಯ ಬರಹ ಈವರೆಗೆ ಸಿಕ್ಕಿಲ್ಲ. ಮೃತ ಸಮುದ್ರದ ದಡದ ಗುಹೆಗಳಲ್ಲಿ ಸಿಕ್ಕ ಹಳೆಯ ಹಸ್ತಪ್ರತಿಗಳಾದ 'ಮೃತ ಸಮುದ್ರದ ಸುರುಳಿ'ಗಳಿಗಿಂತಲೂ ಮುನ್ನೂರಕ್ಕೂ ಹೆಚ್ಚು ವರ್ಷ ಹಳೆಯದು.

ಇದನ್ನು ನಂಬಬಹುದಾದದ್ದು ಯಾಕೆ? ಯಾವ ಗುಹೆ, ಯಾವ ಮೂಲೆ, ಪಕ್ಕದಲ್ಲಿ ಏನಿತ್ತು, ಯಾರು ತೆಗೆದರು ಎಲ್ಲವೂ ದಾಖಲಾಗಿದೆ. ಬೇರೆ ವಿದ್ವಾಂಸರು ಅಕ್ಷರಗಳನ್ನು ಮತ್ತೆ ಫೋಟೋ ತೆಗೆದು ಪರೀಕ್ಷಿಸಿದ್ದಾರೆ.

ಇನ್ನೊಂದು ಕಡೆ ನೋಡಿ. ಅಮೆರಿಕದ ವಾಷಿಂಗ್ಟನ್ನಿನ ಮ್ಯೂಸಿಯಂ ಆಫ್ ದ ಬೈಬಲ್ ತನ್ನಲ್ಲಿದ್ದ ಮೃತ ಸಮುದ್ರದ ಸುರುಳಿಯ 16 ಚೂರುಗಳನ್ನು ಪರೀಕ್ಷೆಗೆ ಕೊಟ್ಟಿತು. 2020ರಲ್ಲಿ ವರದಿ ಬಂತು, ಹದಿನಾರೂ ನಕಲಿ. ಹಳೆಯ ಚರ್ಮದ ಮೇಲೆ ಈಚೆಗೆ ಯಾರೋ ಬರೆದದ್ದು. ಅವು ಅಗೆತದಲ್ಲಿ ಸಿಕ್ಕಿದ್ದಲ್ಲ, ಮಾರುಕಟ್ಟೆಯಲ್ಲಿ ಕೊಂಡದ್ದು. ವರದಿಯನ್ನು ಮುಚ್ಚಿಡದೆ ಹೊರಗೆ ಹೇಳಿದ ಮ್ಯೂಸಿಯಮ್ಮಿನ ನಡೆ ನನಗೆ ಗೌರವ ಹುಟ್ಟಿಸಿತು.

ಹಾಗಂತ ಅಸಲಿ ಸುರುಳಿಗಳ ಮೇಲೆ ಅನುಮಾನ ಬೇಡ. 1947ರ ಸುಮಾರಿಗೆ ಕುಮ್ರಾನಿನ ಗುಹೆಯಲ್ಲಿ ಕುರಿ ಕಾಯುವವರಿಗೆ ಮೊದಲ ಸುರುಳಿಗಳು ಸಿಕ್ಕ ಮೇಲೆ ವಿದ್ವಾಂಸರೇ ಹೋಗಿ ಗುಹೆಗಳನ್ನು ಅಗೆದರು. ಅದೇ ಬಗೆಯ ಚೂರುಗಳು ಅಲ್ಲೂ ಸಿಕ್ಕವು. ಅವುಗಳಲ್ಲಿ ದೊಡ್ಡ ಯೆಶಾಯ ಸುರುಳಿ 7 ಮೀಟರಿಗೂ ಉದ್ದ, 66 ಅಧ್ಯಾಯಗಳೂ ಅದರಲ್ಲಿವೆ.

ಆದ್ದರಿಂದ ಮುಂದಿನ ಸಲ ವಿಡಿಯೋ ಬಂದಾಗ ನಿಜವೋ ಸುಳ್ಳೋ ಎಂದು ಕೂಡಲೇ ಹೇಳಲು ಹೋಗಬೇಡಿ. ಎಲ್ಲಿ ಸಿಕ್ಕಿತು, ಯಾವ ಪದರದಲ್ಲಿ, ಅಗೆದವರು ಯಾವ ಸಂಸ್ಥೆಯವರು, ವರದಿ ಪ್ರಕಟವಾಗಿದೆಯಾ, ಬೇರೆಯವರು ನೋಡಿ ಏನೆಂದರು ಎಂದು ಕೇಳಿ. ಪಿಲಾತನ ಹೆಸರಿರುವ ಕಲ್ಲು ಈ ಎಲ್ಲ ಪ್ರಶ್ನೆಗಳಿಗೂ ನಿಲ್ಲುತ್ತದೆ. 1961ರಲ್ಲಿ ಕೈಸರೈಯದಲ್ಲಿ ಇಟಲಿಯ ತಂಡ ಹಳೆಯ ರಂಗಮಂದಿರ ಅಗೆಯುವಾಗ, ಮೆಟ್ಟಿಲಾಗಿ ಮರುಬಳಕೆಯಾಗಿದ್ದ ಆ ಕಲ್ಲು ಸಿಕ್ಕಿತು. ರಥದ ಚಕ್ರಗಳು ಮೊದಲ ಪ್ರಶ್ನೆಯಲ್ಲೇ ಮುಗ್ಗರಿಸುತ್ತವೆ.

ವಿದ್ವಾಂಸರೇ ಒಪ್ಪದಿದ್ದಾಗ

ಇಸ್ರಾಯೇಲ್ಯರ ನಾಯಕ ಯೆಹೋಶುವನ ಎದುರು ಬಿದ್ದವೆಂದು ಬೈಬಲ್ ಹೇಳುವ ಯೆರಿಕೋದ ಗೋಡೆಗಳ ವಿಷಯ ಒಂದು ದಿನ ನಿಮ್ಮ ಎದುರಿಗೆ ಬಂದೇ ಬರುತ್ತದೆ. 1930ರ ದಶಕದಲ್ಲಿ ಜಾನ್ ಗಾರ್‌ಸ್ಟಾಂಗ್ ಬಿದ್ದ ಗೋಡೆಯೊಂದನ್ನು ಕಂಡು ಇದು ಯೆಹೋಶುವನ ಕಾಲದ್ದು, ಸುಮಾರು ಕ್ರಿ.ಪೂ. 1400 ಎಂದರು. ಇಂದಿಗೂ ಎಷ್ಟೋ ಪ್ರಸಂಗಗಳಲ್ಲಿ ಕೇಳಿಬರುವುದು ಆ ಮಾತೇ. ಕೆನ್ಯನ್ ಬಂದು ಪದರಗಳನ್ನು ಮತ್ತೆ ಓದಿದಾಗ ಆ ಗೋಡೆ ಯೆಹೋಶುವನಿಗಿಂತ ನೂರಾರು ವರ್ಷ ಹಳೆಯದು ಎಂದು ಕಂಡಿತು. ಊರು ಸುಟ್ಟು ಹಾಳಾದದ್ದು ಸುಮಾರು ಕ್ರಿ.ಪೂ. 1550ರಲ್ಲಿ, ಯೆಹೋಶುವನ ಕಾಲದಲ್ಲಿ ಅಲ್ಲಿ ದೊಡ್ಡ ಕೋಟೆಯೇ ಇರಲಿಲ್ಲ ಎಂದರು. ಮುಂದೆ ಸುಟ್ಟ ಕಾಳಿನ ಇಂಗಾಲ ಪರೀಕ್ಷೆಯೂ ಕೆನ್ಯನ್ ಕಡೆಗೇ ವಾಲಿತು. 1990ರಲ್ಲಿ ಬ್ರಯಂಟ್ ವುಡ್ ಮಡಕೆಗಳನ್ನು ಆಧಾರವಾಗಿಟ್ಟು 1400ರ ಪರ ವಾದಿಸಿದರು. ಹೆಚ್ಚಿನವರು ಒಪ್ಪಿಲ್ಲ.

ಕೆನ್ಯನ್ ಧರ್ಮದ ವಿರೋಧಿಯಾಗಿರಲಿಲ್ಲ. ಆಕೆಯ ತಂದೆ ಫ್ರೆಡರಿಕ್ ಕೆನ್ಯನ್ ಬ್ರಿಟಿಷ್ ಮ್ಯೂಸಿಯಮ್ಮಿನ ಮುಖ್ಯಸ್ಥರು, ಬೈಬಲ್ ಹಸ್ತಪ್ರತಿಗಳ ದೊಡ್ಡ ವಿದ್ವಾಂಸರು. ಮಗಳು ಕಂಡದ್ದನ್ನು ಕಂಡ ಹಾಗೆ ಬರೆದರು. ನಾವೂ ಮಕ್ಕಳಿಗೆ ಇದನ್ನು ಇದ್ದ ಹಾಗೇ ಹೇಳಬೇಕು. ಮುಚ್ಚಿಟ್ಟರೆ ಅವರು ಇಂಟರ್‌ನೆಟ್ಟಿನಲ್ಲಿ ಓದಿಕೊಳ್ಳುತ್ತಾರೆ. ಆಮೇಲೆ ಹಿಜ್ಕೀಯನ ಸುರಂಗದ ಬಗ್ಗೆ ಹೇಳಿದ್ದನ್ನೂ ನಂಬುವುದಿಲ್ಲ.

ಇಲ್ಲಿಂದಲೇ ಮಾಡಬಹುದಾದದ್ದು

ಮೊದಲು ಕಾಲದ ಒಂದು ಚೌಕಟ್ಟು ತಲೆಯಲ್ಲಿರಲಿ. ಸುಮಾರು ಕ್ರಿ.ಪೂ. 1208ರಲ್ಲಿ ಈಜಿಪ್ಟಿನ ಮೆರ್ನೆಪ್ತಾನ ಶಾಸನದಲ್ಲಿ 'ಇಸ್ರಾಯೇಲ್' ಎಂಬ ಹೆಸರು ಮೊದಲ ಸಲ ಕಾಣುತ್ತದೆ. ದಾವೀದನ ಕಾಲ ಸುಮಾರು 1000. ಸಮಾರ್ಯ ಬಿದ್ದದ್ದು 722ರ ಹೊತ್ತಿಗೆ, ಜೆರುಸಲೇಮ್ 586ರಲ್ಲಿ. ಪಾರಸಿಯ ಕೋರೆಷ ಬಾಬೆಲನ್ನು ಗೆದ್ದದ್ದು 539. ಪಿಲಾತ ಅಧಿಕಾರದಲ್ಲಿದ್ದದ್ದು ಕ್ರಿ.ಶ. 26ರಿಂದ 36. ರೋಮನ್ನರು ದೇವಾಲಯ ಕೆಡವಿದ್ದು 70. ಇಷ್ಟು ಸಾಕು. ಹೊಸದೇನು ಓದಿದರೂ ಇದರ ನಡುವೆ ಎಲ್ಲಿ ಕೂರುತ್ತದೆ ಎಂದು ನೋಡುತ್ತ ಹೋಗಿ.

ಆಮೇಲೆ ಕಣ್ಣು ಪಳಗಬೇಕು. ಅದಕ್ಕೆ ನಮ್ಮ ನೆಲವೇ ಸಾಕು. ಕಾವೇರಿ, ಕಪಿಲೆ ಕೂಡುವ ಟಿ. ನರಸೀಪುರದಲ್ಲಿ ಅಗೆದಾಗ ನವಶಿಲಾಯುಗದ ನೆಲೆ ಸಿಕ್ಕಿದೆ. ತಲಕಾಡಿನಲ್ಲಿ ಮರಳಿನಡಿಯಿಂದ ದೇವಸ್ಥಾನಗಳೇ ಹೊರಬಂದಿವೆ. ಅಲ್ಲಿಗೆ ಹೋದಾಗ ಗೋಡೆಯ ಬುಡ ಈಗಿನ ನೆಲಕ್ಕಿಂತ ಎಷ್ಟು ಕೆಳಗಿದೆ ಎಂದು ಗಮನಿಸಿ. ಆದರೆ ಏನನ್ನೂ ಎತ್ತಿಕೊಳ್ಳಬೇಡಿ, ಗುದ್ದಲಿ ಹಿಡಿಯಲೇಬೇಡಿ. ರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಕಾನೂನಿನಂತೆ ಅಪರಾಧ. ಹೊಲ ಉಳುವಾಗ ಹಣದ ಕುಡಿಕೆ ಸಿಕ್ಕರೂ 1878ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಇಸ್ರೇಲಿನ ಕಾನೂನೂ ಹೀಗೆಯೇ ಬಿಗಿ.

ಮನೆಯಲ್ಲೇ ಕೂತು ನೋಡಲು ಈಗ ಬೇಕಾದಷ್ಟಿದೆ. ಯೆಶಾಯ ಸುರುಳಿಯ ಫೋಟೋಗಳನ್ನು ಇಸ್ರೇಲ್ ಮ್ಯೂಸಿಯಂ ಉಚಿತವಾಗಿ ಆನ್‌ಲೈನಿನಲ್ಲಿ ಇಟ್ಟಿದೆ. ಚರ್ಮದ ಹೊಲಿಗೆಯೂ ಕಾಣುವಷ್ಟು ಹಿಗ್ಗಿಸಿ ನೋಡಬಹುದು. ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಲಾಕೀಷ್ ಕೆತ್ತನೆಗಳ ಚಿತ್ರಗಳು ಸಿಗುತ್ತವೆ. ವಿವರಣೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇದೆ. ಹಾಗಾಗಿ ಗುಂಪಿನಲ್ಲಿ ಒಬ್ಬರು ಓದಿ ಉಳಿದವರಿಗೆ ಕನ್ನಡದಲ್ಲಿ ಹೇಳುವುದು ಒಳ್ಳೆಯದು.

ಪವಿತ್ರ ನಾಡಿನ ಟೂರಿಗೆ ಹೋಗುವವರು ಗೈಡನ್ನು ಒಂದು ಮಾತು ಕೇಳಿ: ಇದು ಪರಂಪರೆಯಿಂದ ಬಂದ ಜಾಗವೋ, ಅಗೆದು ಕಂಡದ್ದೋ? ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿ ಎಂದು ಎರಡು ಜಾಗ ತೋರಿಸುತ್ತಾರೆ. ತೋಟದ ಸಮಾಧಿ ಪ್ರಶಾಂತವಾಗಿದೆ, ಪ್ರಾರ್ಥನೆಗೆ ಚೆನ್ನಾಗಿದೆ. ಆದರೆ ಅದು ಯೇಸುವಿಗಿಂತ ಏಳೆಂಟು ಶತಮಾನ ಹಿಂದಿನ ಸಮಾಧಿ ಎಂದು ಬಾರ್ಕಾಯ್ ತೋರಿಸಿದ್ದಾರೆ. ಗದ್ದಲದ ನಡುವಿನ ಪವಿತ್ರ ಸಮಾಧಿಯ ಚರ್ಚ್ ನಿಂತಿರುವುದು ಹಳೆಯ ಕಲ್ಲುಗಣಿಯ ಮೇಲೆ. ಅಲ್ಲಿ ಮೊದಲ ಶತಮಾನದ ಸಮಾಧಿಗಳಿವೆ. ಅಂಗಡಿಯಲ್ಲಿ ಹಳೆಯ ದೀಪ, ನಾಣ್ಯ ಕೊಳ್ಳಬೇಡಿ. ನಕಲಿಯಾದರೆ ದುಡ್ಡು ಹೋಯಿತು. ಅಸಲಿಯಾದರೆ ಯಾವುದೋ ದಿಬ್ಬವನ್ನು ಕದ್ದು ತೋಡಿ ತಂದದ್ದಿರಬಹುದು.

ಅಗೆತದಲ್ಲೇ ಕೈ ಹಾಕುವ ಆಸೆಯಿದ್ದರೆ ದಾರಿ ಇದೆ. ಇಸ್ರೇಲ್, ಜೋರ್ಡಾನಿನ ಹಲವು ಅಗೆತಗಳು ಬೇಸಿಗೆಯಲ್ಲಿ ಅನುಭವ ಇಲ್ಲದ ಸ್ವಯಂಸೇವಕರನ್ನೂ ಸೇರಿಸಿಕೊಳ್ಳುತ್ತವೆ. ವಿಮಾನ, ಊಟ, ವಸತಿಯ ಖರ್ಚು ಸಾಮಾನ್ಯವಾಗಿ ನಮ್ಮದೇ. ಬಿಸಿಲೇರುವ ಮೊದಲು ಕೆಲಸ ಆಗಬೇಕಾದ್ದರಿಂದ ನಸುಕಿನಲ್ಲೇ ಶುರು. ಮಧ್ಯಾಹ್ನದ ಮೇಲೆ ಕೂತು ಮಡಕೆ ಚೂರು ತೊಳೆಯುವುದು. ಆ ಭಾಗದ ಪರಿಸ್ಥಿತಿ ಬೇಗ ಬದಲಾಗುತ್ತದೆ. ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ನೋಡದೆ ದುಡ್ಡು ಕಟ್ಟಬೇಡಿ.

ಚರ್ಚಿನ ಬೈಬಲ್ ಅಧ್ಯಯನದ ಗುಂಪಿನಲ್ಲಿ ಶುರು ಮಾಡುವುದಾದರೆ ಹಿಜ್ಕೀಯನ ಅಧ್ಯಾಯಗಳನ್ನು ನಾಲ್ಕು ವಾರಕ್ಕೆ ಹಂಚಿಕೊಳ್ಳಿ. ಒಂದು ವಾರ ಸನ್ಹೇರೀಬನ ಬರಹ, ಒಂದು ವಾರ ಲಾಕೀಷ್ ಚಿತ್ರಗಳು, ಒಂದು ವಾರ ಸುರಂಗ. ಕೊನೆಯ ವಾರ ಬರೀ ಪ್ರಶ್ನೆಗಳು. ಅದು ಹಿಡಿಸಿದರೆ ಯೋಹಾನ 9ಕ್ಕೆ ಹೋಗಿ. ಕುರುಡನು ಕಣ್ಣು ತೊಳೆದುಕೊಂಡ ಸಿಲೋವ ಕೊಳದ ಮೊದಲ ಶತಮಾನದ ಮೆಟ್ಟಿಲುಗಳು 2004ರಲ್ಲಿ ಒಳಚರಂಡಿ ಪೈಪ್ ರಿಪೇರಿ ಮಾಡುವಾಗ ಕಂಡವು. ಅಲ್ಲಿಗೆ ನೀರು ಬರುವುದು ಹಿಜ್ಕೀಯನ ಸುರಂಗದಿಂದಲೇ.